ಮಾಫಿಯಾ ರೀಮೇಕ್ ಗೆದ್ದಿದೆಯೇ? ಆಡಿಯೇ ತೂಗಿ ನೋಡುವ ಬಗೆ

2002ರ ಆಗಸ್ಟ್‌ನಲ್ಲಿ ಚೆಕ್ ಗಣರಾಜ್ಯದ ಬರ್ನೊ ನಗರದ ಇಲ್ಯೂಷನ್ ಸಾಫ್ಟ್‌ವರ್ಕ್ಸ್ ‘ಮಾಫಿಯಾ: ದ ಸಿಟಿ ಆಫ್ ಲಾಸ್ಟ್ ಹೆವನ್’ ಗೇಮನ್ನು ಹೊರತಂದಿತ್ತು. ಅದನ್ನೇ ಹ್ಯಾಂಗರ್ 13 ಸ್ಟುಡಿಯೊ ಬುಡದಿಂದ ಮತ್ತೆ ಕಟ್ಟಿತು. 2020ರ ಸೆಪ್ಟೆಂಬರ್ 25ರಂದು ಪ್ರಕಾಶಕ ಸಂಸ್ಥೆ 2ಕೆ ಅದನ್ನು ‘ಮಾಫಿಯಾ: ಡೆಫಿನಿಟಿವ್ ಎಡಿಷನ್’ ಎಂಬ ಹೆಸರಲ್ಲಿ ಬಿಡುಗಡೆ ಮಾಡಿತು. ಹಳೆಯ ಗೇಮಿಗೆ ಸುಣ್ಣ ಬಳಿದು ಮಾರಿದ್ದಲ್ಲ ಇದು. ಎಂಜಿನ್, ನಗರದ ನಕ್ಷೆ, ನಟರು, ಸಂಭಾಷಣೆ, ಹಿನ್ನೆಲೆ ಸಂಗೀತ ಎಲ್ಲವೂ ಹೊಸತು. ಹಳೆಯದರಿಂದ ಉಳಿದದ್ದು ಕಥೆಯ ಎಳೆ: 1930ರಿಂದ 1938ರವರೆಗೆ, ಅಮೆರಿಕದ ಇಲಿನಾಯ್ ರಾಜ್ಯದ ಲಾಸ್ಟ್ ಹೆವನ್ ಎಂಬ ಕಲ್ಪಿತ ನಗರದಲ್ಲಿ, ಟ್ಯಾಕ್ಸಿ ಓಡಿಸಿಕೊಂಡಿದ್ದ ಟಾಮಿ ಆಂಜೆಲೊ ಡಾನ್ ಸಾಲಿಯೇರಿಯ ಗ್ಯಾಂಗ್ ಸೇರುತ್ತಾನೆ, ಮೇಲೇರುತ್ತಾನೆ, ಕೊನೆಗೆ ಪತ್ತೇದಾರ ನಾರ್ಮನ್ ಎದುರು ಕೂತು ಎಲ್ಲವನ್ನೂ ಬಾಯಿಬಿಡುತ್ತಾನೆ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಕಥೆ ಹೇಳುವುದರಲ್ಲಿ, ನಗರ ಕಟ್ಟುವುದರಲ್ಲಿ ರೀಮೇಕ್ ಹಳೆಯದನ್ನು ಮೀರಿಸಿದೆ. ಕಾರಿನ ತೂಕ, ಪೊಲೀಸರ ಭಯ, ಪ್ರತಿ ಗುಂಡಿನ ಲೆಕ್ಕ, ಈ ಮೂರರಲ್ಲಿ ಹಿಂದೆ ಬಿದ್ದಂತೆ ಕಾಣುತ್ತದೆ. ‘ಕಾಣುತ್ತದೆ’ ಎನ್ನಲು ಕಾರಣವಿದೆ. ಹಳೆಯ ಗೇಮಿನ ಬಿಗಿಯಲ್ಲಿ ದೊಡ್ಡ ಪಾಲನ್ನು ಇವರು ಕಿತ್ತು ಎಸೆದಿಲ್ಲ, ಸೆಟ್ಟಿಂಗ್ಸ್ ಮೆನುವಿನೊಳಗೆ ಎತ್ತಿಟ್ಟಿದ್ದಾರೆ. ಬಂದ ಹಾಗೆ ಆಡಿ ಮುಗಿಸಿದರೆ ಸಿಗುವುದು ಚೆಂದದ ಹನ್ನೆರಡು ಗಂಟೆಯ ಸಿನಿಮಾದಂಥ ಗೇಮ್. ಕೆಳಗೆ ಹೇಳಿದ ಹಾಗೆ ಹೊಂದಿಸಿಕೊಂಡು ಆಡಿದರೆ ಮಾತ್ರ ರೀಮೇಕ್ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದು ಗೊತ್ತಾಗುತ್ತದೆ.

ಕೊಳ್ಳುವಾಗ, ಹಾಕಿಕೊಳ್ಳುವಾಗ

ಸ್ಟೋರಿನಲ್ಲಿ ‘ಮಾಫಿಯಾ’ ಎಂದು ಹುಡುಕಿದರೆ ಒಂದೇ ಬಗೆಯ ಹೆಸರುಗಳು ಸಾಲಾಗಿ ಬರುತ್ತವೆ. ‘ಮಾಫಿಯಾ ಟ್ರೈಲಜಿ’ ಪ್ಯಾಕ್ ಕೊಂಡರೆ ಮೂರೂ ಗೇಮುಗಳ ಡೆಫಿನಿಟಿವ್ ಎಡಿಷನ್ ಸಿಗುತ್ತದೆ, 2002ರ ಮೂಲ ಗೇಮ್ ಸಿಗುವುದಿಲ್ಲ. ಅದು ಬೇರೆಯೇ ಆಗಿ ಮಾರಾಟಕ್ಕಿದೆ. ಇನ್ನೊಂದು ಎಚ್ಚರ: ಮೂರರಲ್ಲಿ ನಿಜವಾದ ರೀಮೇಕ್ ಮೊದಲನೆಯದು ಮಾತ್ರ. ‘ಮಾಫಿಯಾ 2’ರ ಡೆಫಿನಿಟಿವ್ ಎಡಿಷನ್ ಹಳೆಯ ಗೇಮಿಗೇ ಮೆರುಗು ಕೊಟ್ಟದ್ದು. ಮೂರಕ್ಕೂ ಒಂದೇ ಪದ ಅಂಟಿಸಿದ್ದರಿಂದ ಕೊಳ್ಳುವವರಿಗೆ ಗೊಂದಲವಾಗುವುದು ಸಹಜ.

ಪಿಸಿಗೆ ಕಂಪನಿ ಹೇಳಿದ ಕನಿಷ್ಠ ಲೆಕ್ಕ ಹೀಗಿದೆ: 64 ಬಿಟ್ ವಿಂಡೋಸ್ 10, ಇಂಟೆಲ್ ಐ5-2550ಕೆ ಅಥವಾ ಎಎಂಡಿ ಎಫ್‌ಎಕ್ಸ್ 8120, 6 ಜಿಬಿ ರ‍್ಯಾಮ್, 2 ಜಿಬಿಯ ಜಿಟಿಎಕ್ಸ್ 660 ಅಥವಾ ರೇಡಿಯಾನ್ ಎಚ್‌ಡಿ 7870 ಗ್ರಾಫಿಕ್ಸ್ ಕಾರ್ಡ್, ಡಿಸ್ಕಿನಲ್ಲಿ 50 ಜಿಬಿ ಜಾಗ. ಶಿಫಾರಸು ಮಾಡಿದ್ದು ಐ7-3770, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1080 ಅಥವಾ ಆರ್‌ಎಕ್ಸ್ 5700. ಈ ಎರಡರ ನಡುವಿನ ಅಂತರ ಬಹಳ ದೊಡ್ಡದು. ಅದರರ್ಥ ಸಾಧಾರಣ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲೂ ಗೇಮ್ ಓಡುತ್ತದೆ, ಆದರೆ ಎಲ್ಲವನ್ನೂ ‘ಹೈ’ಗೆ ಏರಿಸಿದರೆ ಏದುಸಿರು ಬಿಡುತ್ತದೆ. 50 ಜಿಬಿಯನ್ನು ಎಸ್‌ಎಸ್‌ಡಿಯಲ್ಲೇ ಇಡಿ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟರೆ ವೇಗವಾಗಿ ಕಾರು ಓಡಿಸುವಾಗ ಮುಂದಿನ ಬೀದಿಯ ಕಟ್ಟಡಗಳು, ಮರಗಳು ಕಣ್ಣೆದುರೇ ತಡವಾಗಿ ಮೂಡುತ್ತವೆ. ಅದನ್ನು ಗ್ರಾಫಿಕ್ಸ್ ಕಾರ್ಡಿನ ದೋಷವೆಂದು ಭಾವಿಸಿ ರೆಸಲ್ಯೂಷನ್ ಇಳಿಸುತ್ತ ಕೂರಬೇಡಿ. ತಡವಾಗುತ್ತಿರುವುದು ಡಿಸ್ಕಿನಿಂದ ಓದುವ ಕೆಲಸ.

ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಸಾಲದಿದ್ದರೆ ಇಳಿಸುವ ಕ್ರಮ ಇದು. ಮೊದಲು ವಾಲ್ಯೂಮೆಟ್ರಿಕ್ ಎಫೆಕ್ಟ್ (ಮಂಜು, ಬೆಳಕಿನ ಕೋಲು), ಆಮೇಲೆ ನೆರಳು, ಆಮೇಲೆ ಪ್ರತಿಫಲನ. ಪ್ರತಿಫಲನವನ್ನು ಕೊನೆಗೆ ಬಿಡಿ ಎನ್ನುವುದಕ್ಕೆ ಕಾರಣ, ಈ ನಗರದ ಅರ್ಧ ಚೆಲುವು ಮಳೆ ನಿಂತ ರಾತ್ರಿಯ ರಸ್ತೆಯಲ್ಲಿದೆ. ನಿಯಾನ್ ದೀಪ ಒದ್ದೆ ಟಾರಿನ ಮೇಲೆ ಬೀಳದಿದ್ದರೆ ಡೌನ್‌ಟೌನ್ ಬೋಳಾಗುತ್ತದೆ. ಓಡುವಾಗ ಚಿತ್ರವನ್ನು ಮಸುಕಾಗಿಸುವ ಮೋಷನ್ ಬ್ಲರ್ ಮಾತ್ರ ಯಾವ ಯಂತ್ರದಲ್ಲಾದರೂ ಆಫ್ ಇರಲಿ. ಫ್ರೇಮ್ ಏರಿಳಿಯುತ್ತಿದ್ದರೆ 60ಕ್ಕೆ ಕಟ್ಟಿಹಾಕಿ. 90ಕ್ಕೂ 50ಕ್ಕೂ ಜಿಗಿದಾಡುವುದಕ್ಕಿಂತ ಒಂದೇ ಸಮ ನಿಂತ 60ರಲ್ಲಿ ಸ್ಟೀರಿಂಗ್ ಹಿಡಿತ ಚೆನ್ನಾಗಿ ಸಿಗುತ್ತದೆ.

ಸಬ್‌ಟೈಟಲ್ ಕನ್ನಡದಲ್ಲಿ ಇಲ್ಲ. ಆದರೂ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಇಟಾಲಿಯನ್-ಅಮೆರಿಕನ್ ಉಚ್ಚಾರಣೆ, ಅದರ ಜೊತೆ ಎಂಜಿನ್ ಸದ್ದು ಸೇರಿದರೆ ಕಾರಿನೊಳಗಿನ ಮಾತು ಕೈತಪ್ಪುತ್ತದೆ. ಈ ಗೇಮಿನಲ್ಲಿ ಟಾಮಿಯ ಗ್ಯಾಂಗಿನ ಜೊತೆಗಾರರಾದ ಪೌಲಿ, ಸ್ಯಾಮ್ ಇಬ್ಬರ ಸ್ವಭಾವ ತಿಳಿಯುವುದೇ ಕಾರಿನೊಳಗಿನ ಹರಟೆಯಲ್ಲಿ. ಧ್ವನಿಯ ಸೆಟ್ಟಿಂಗ್ಸ್‌ನಲ್ಲಿ ಸಂಗೀತವನ್ನು ಸ್ವಲ್ಪ ತಗ್ಗಿಸಿ ಮಾತನ್ನು ಪೂರ್ತಿ ಏರಿಸಿದರೆ ಇನ್ನೂ ಒಳ್ಳೆಯದು.

ಮೆನುವಿನಲ್ಲಿ ಅಡಗಿದ ಹಳೆಯ ಗೇಮ್

ಹೊಸ ಕಥೆ ಶುರು ಮಾಡುವ ಮುನ್ನ ಈ ಐದನ್ನು ಸರಿಪಡಿಸಿಕೊಳ್ಳಿ.

1. ಕಠಿಣತೆ: ಈಸಿ, ಮೀಡಿಯಂ, ಹಾರ್ಡ್, ಕ್ಲಾಸಿಕ್ ಎಂದು ನಾಲ್ಕಿವೆ. ಕ್ಲಾಸಿಕ್ ಆರಿಸಿ. ಶೂಟಿಂಗ್ ಗೇಮುಗಳ ಅಭ್ಯಾಸವೇ ಇಲ್ಲದಿದ್ದರೆ ಹಾರ್ಡ್ ಸಾಕು.
2. ಕಾರಿನ ನಡವಳಿಕೆ: ರೆಗ್ಯುಲರ್ ಬಿಟ್ಟು ಸಿಮ್ಯುಲೇಷನ್.
3. ಗೇರ್: ಕೀಬೋರ್ಡ್‌ನಲ್ಲಿ ಆಡುವವರು ಆಟೊಮ್ಯಾಟಿಕ್‌ನಲ್ಲೇ ಇರಲಿ. ಕಂಟ್ರೋಲರ್ ಇದ್ದರೆ ಮ್ಯಾನ್ಯುಯಲ್ ಪ್ರಯತ್ನಿಸಬಹುದು.
4. ಪ್ರಯಾಣ ಬಿಟ್ಟು ಮುಂದೆ ಹಾರುವ ಸೌಲಭ್ಯ: ಮುಟ್ಟಬೇಡಿ.
5. ತೆರೆಯ ಮೇಲಿನ ಸೂಚನೆಗಳು: ರಸ್ತೆಯ ಮೇಲೆ ತೇಲುವ ತಿರುವಿನ ಫಲಕಗಳನ್ನು ಆಫ್ ಮಾಡಿ. ಮಿನಿಮ್ಯಾಪ್ (ತೆರೆಯ ಮೂಲೆಯ ಪುಟ್ಟ ನಕ್ಷೆ) ಇರಲಿ, ಅಥವಾ ನಗರ ಪರಿಚಯವಾದ ಮೇಲೆ ಅದನ್ನೂ ತೆಗೆಯಿರಿ.

ಇವುಗಳಲ್ಲಿ ನಾಲ್ಕನೆಯದಕ್ಕೆ ಎರಡು ಮಾತು ಬೇಕು. ಹಳೆಯ ಗೇಮಿನಲ್ಲಿ ಮಿಷನ್ ಎಂದರೆ ಗುಂಡಿನ ಕಾಳಗ ಮಾತ್ರ ಆಗಿರಲಿಲ್ಲ. ಸಾಲಿಯೇರಿಯ ಬಾರಿನಿಂದ ಹೊರಟು, ವಿನ್ಸೆಂಜೊ ಹತ್ತಿರ ಬಂದೂಕು ತೆಗೆದುಕೊಂಡು, ರಾಲ್ಫ್ ಹತ್ತಿರ ಕಾರಿನ ಬೀಗ ಬಿಡಿಸುವುದು ಕಲಿತು, ನಗರದ ಆ ತುದಿಗೆ ಓಡಿಸಿಕೊಂಡು ಹೋಗಿ, ಕೆಲಸ ಮುಗಿಸಿ, ಮತ್ತೆ ಅಷ್ಟೂ ದೂರ ತಿರುಗಿ ಬರಬೇಕಿತ್ತು. ಬೇಸರವೆನಿಸುತ್ತಿತ್ತು, ನಿಜ. ಆದರೆ ಆ ಓಡಾಟದಿಂದಲೇ ಸೇತುವೆಗಳು, ಲಿಟಲ್ ಇಟಲಿಯ ಗಲ್ಲಿಗಳು, ವರ್ಕ್ಸ್ ಕ್ವಾರ್ಟರ್‌ನ ಕಾರ್ಖಾನೆ ಬೀದಿಗಳು ಬಾಯಿಪಾಠ ಆಗುತ್ತಿದ್ದವು. ರೀಮೇಕ್ ಹಿಂತಿರುಗುವ ಪ್ರಯಾಣವನ್ನು ಬಹುತೇಕ ಕತ್ತರಿಸಿ ಹಾಕಿದೆ, ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ನೇರ ಜಿಗಿಯುತ್ತದೆ. ಮಿಷನ್ ಮುಗಿದ ಮೇಲೆ ಮೆಕ್ಯಾನಿಕ್ ಲೂಕಾಸ್ ಬೆರ್ಟೋನೆ ಸಣ್ಣ ಕೆಲಸ ಕೊಟ್ಟು, ಪ್ರತಿಫಲವಾಗಿ ಹೊಸ ಕಾರು ಎಲ್ಲಿದೆ ಎಂದು ಹೇಳುತ್ತಿದ್ದ ಅಡ್ಡದಾರಿಗೂ ಹೊಸ ಕಥೆಯ ಓಟದಲ್ಲಿ ಜಾಗವಿಲ್ಲ. ಉಳಿದ ಚೂರುಪಾರು ಪ್ರಯಾಣವನ್ನೂ ಗುಂಡಿ ಒತ್ತಿ ಹಾರಿಸಿಬಿಟ್ಟರೆ ಲಾಸ್ಟ್ ಹೆವನ್ ಬರಿಯ ಪರದೆಯ ಚಿತ್ರವಾಗುತ್ತದೆ. ಇದು ರೀಮೇಕಿನ ದೊಡ್ಡ ನಷ್ಟ, ಮತ್ತು ಸೆಟ್ಟಿಂಗ್ಸ್ ಬದಲಿಸಿ ಪೂರ್ತಿ ತುಂಬಿಕೊಳ್ಳಲು ಆಗದ ನಷ್ಟ.

ಮಾರ್ಗ ತೋರುವ ಫಲಕಗಳನ್ನು ತೆಗೆಯಿರಿ ಎನ್ನುವುದೂ ಇದೇ ಕಾರಣಕ್ಕೆ. ಫಲಕ ಇರುವಷ್ಟು ಹೊತ್ತು ಕಣ್ಣು ಬಾಣದ ಮೇಲಿರುತ್ತದೆ, ಬೀದಿಯ ಮೇಲಿರುವುದಿಲ್ಲ. ತೆರೆಯ ಸೂಚನೆಗಳ ಹೆಚ್ಚಿನ ಆಯ್ಕೆಗಳು ಬಂದದ್ದು ಬಿಡುಗಡೆಯ ಮುಂದಿನ ತಿಂಗಳ, ಅಂದರೆ 2020ರ ಅಕ್ಟೋಬರಿನ ಅಪ್‌ಡೇಟ್‌ನಲ್ಲಿ. ಡಿಸ್ಕಿನಿಂದ ಹಾಕಿ, ಇಂಟರ್ನೆಟ್ ಇಲ್ಲದೆ ಆಡುತ್ತಿರುವವರಿಗೆ ಅವು ಕಾಣದಿದ್ದರೆ ಅಪ್‌ಡೇಟ್ ಆಗಿಲ್ಲವೆಂದು ತಿಳಿಯಿರಿ.

ಹಳೆಯದನ್ನು ಪಕ್ಕದಲ್ಲಿಟ್ಟು ನೋಡುವವರಿಗೆ

ಮೂಲ ಗೇಮ್ ಸ್ಟೀಮ್ ಮತ್ತು ಜಿಒಜಿ ಎಂಬ ಆನ್‌ಲೈನ್ ಗೇಮ್ ಅಂಗಡಿಗಳಲ್ಲಿ ಸಿಗುತ್ತದೆ, ತೀರ ಹಗುರ. ಇಂದಿನ ಯಂತ್ರದಲ್ಲಿ ಅದು ಕೈಕೊಡುವುದು ಸಾಮಾನ್ಯವಾಗಿ ಮೂರು ಕಡೆ. ನೇರ ಗೇಮ್ ತೆರೆದರೆ ಏಳದೆ ಹೋಗಬಹುದು. ಗೇಮಿನ ಫೋಲ್ಡರಿನಲ್ಲಿರುವ ಸೆಟಪ್ ಫೈಲನ್ನು ಮೊದಲು ತೆರೆದು, ಗ್ರಾಫಿಕ್ಸ್ ಕಾರ್ಡ್ ಮತ್ತು ರೆಸಲ್ಯೂಷನ್ ಆರಿಸಿ, ಉಳಿಸಿ, ಆಮೇಲೆ ಗೇಮ್ ಶುರು ಮಾಡಿ. ಎರಡನೆಯದು ಚಿತ್ರ ಅಡ್ಡಕ್ಕೆ ಎಳೆದಂತಾಗುವುದು. ಗೇಮ್ 4:3 ತೆರೆಯ ಕಾಲದ್ದು, ಅಗಲ ತೆರೆಗೆ ಅಭಿಮಾನಿಗಳು ಮಾಡಿದ ವೈಡ್‌ಸ್ಕ್ರೀನ್ ಫಿಕ್ಸ್ ಫೈಲುಗಳನ್ನು ಗೇಮಿನ ಫೋಲ್ಡರಿಗೆ ಹಾಕಬೇಕು. ಹಾಕುವ ಮುನ್ನ ಫೋಲ್ಡರಿನ ಒಂದು ನಕಲು ಬೇರೆ ಕಡೆ ಇಟ್ಟುಕೊಳ್ಳಿ.

ಮೂರನೆಯದು ಸಂಗೀತ. ಈಗ ಮಾರಾಟಕ್ಕಿರುವ ಡಿಜಿಟಲ್ ಆವೃತ್ತಿಯಲ್ಲಿ ಪರವಾನಗಿ ಪಡೆದು ಬಳಸಿದ್ದ ಹಳೆಯ ಜ್ಯಾಝ್ ಹಾಡುಗಳಿಲ್ಲ. ಜ್ಯಾಂಗೊ ರೈನ್‌ಹಾರ್ಟ್, ಮಿಲ್ಸ್ ಬ್ರದರ್ಸ್ ಕೇಳಿಸುತ್ತಿದ್ದ ಬೀದಿಗಳು ಈಗ ಮೌನ. ವ್ಲಾದಿಮೀರ್ ಶಿಮೂನೆಕ್ ಅವರ ಮೂಲ ಹಿನ್ನೆಲೆ ಸಂಗೀತ ಮಾತ್ರ ಇದೆ. 2002ರ ಡಿಸ್ಕ್ ಯಾರ ಬಳಿಯಾದರೂ ಇದ್ದರೆ ಅದರಲ್ಲಿ ಆಡಿಸಿ ನೋಡಿ. ಇಲ್ಲದಿದ್ದರೆ ಹೋಲಿಸುವಾಗ ಇದೊಂದನ್ನು ನೆನಪಿಡಿ: ‘ರೀಮೇಕಿನ ನಗರಕ್ಕೆ ಜೀವ ಹೆಚ್ಚು’ ಅನ್ನಿಸುವುದರಲ್ಲಿ ಸ್ವಲ್ಪ ಪಾಲು ಹಳೆಯದರ ಹಾಡು ಕಿತ್ತುಹೋದದ್ದಕ್ಕೂ ಸೇರಬೇಕು. ರೀಮೇಕಿನ ಸಂಗೀತ ಜೆಸ್ಸಿ ಹಾರ್ಲಿನ್ ಅವರದು. ಭಾರವಾಗಿದೆ, ಹದವಾಗಿದೆ. ಆದರೆ ಶಿಮೂನೆಕ್ ಅವರ ಶೀರ್ಷಿಕೆ ರಾಗದ ಹಾಗೆ ಗೇಮ್ ಮುಚ್ಚಿದ ಮೇಲೂ ತಲೆಯಲ್ಲಿ ಸುತ್ತುವಂಥದ್ದಲ್ಲ.

ಎರಡನ್ನೂ ಪೂರ್ತಿ ಆಡುವ ಪುರುಸೊತ್ತು ಇಲ್ಲದವರು ಹಳೆಯದರಲ್ಲಿ ಟ್ಯಾಕ್ಸಿ ಅಧ್ಯಾಯದಿಂದ ಶುರುಮಾಡಿ ರೇಸಿನವರೆಗೆ ಬಂದರೆ ಸಾಕು. ಆಮೇಲೆ ರೀಮೇಕನ್ನು ಪೂರ್ತಿ ಆಡಿ.

ಎಲ್ಲಿ ನಿಂತು ನೋಡಬೇಕು

ರೀಮೇಕಿನಲ್ಲಿ 20 ಅಧ್ಯಾಯಗಳಿವೆ. ಹೋಲಿಕೆಗೆ ಎಲ್ಲವೂ ಸಮನಾಗಿ ಕೆಲಸಕ್ಕೆ ಬರುವುದಿಲ್ಲ.

‘ರನ್ನಿಂಗ್ ಮ್ಯಾನ್’ ಹಳೆಯದರಲ್ಲಿ ಅಕ್ಷರಶಃ ಟ್ಯಾಕ್ಸಿ ಕೆಲಸ. ಪ್ರಯಾಣಿಕರನ್ನು ಹತ್ತಿಸಿಕೊಂಡು, ಹೊತ್ತು ಮೀರದ ಹಾಗೆ, ಪೊಲೀಸರ ಕಣ್ಣಿಗೆ ಬೀಳದ ಹಾಗೆ ನಗರದ ಮೂಲೆಮೂಲೆಗೆ ಮುಟ್ಟಿಸುವುದು. ಗ್ಯಾಂಗ್‌ಸ್ಟರ್ ಗೇಮ್ ಎಂದು ಕೊಂಡವನನ್ನು ಮೊದಲಿಗೇ ಸಿಗ್ನಲ್‌ನಲ್ಲಿ ಕಾಯಿಸುವ ಧೈರ್ಯ ಅದಕ್ಕಿತ್ತು. ರೀಮೇಕ್ ಇದನ್ನು ಚಿಕ್ಕದು ಮಾಡಿ ಬೇಗ ಎದುರಾಳಿ ಡಾನ್ ಮೊರೆಲ್ಲೊನ ಆಳುಗಳ ಹೊಡೆತಕ್ಕೆ ಕರೆದೊಯ್ಯುತ್ತದೆ. ಇಲ್ಲಿ ಗಮನಿಸಬೇಕಾದ್ದು ಪ್ರಯಾಣಿಕರ ಮಾತು. ಆರ್ಥಿಕ ಕುಸಿತದ ಕಾಲ, ಮದ್ಯ ನಿಷೇಧದ ಕಾಲ ಎಂಬುದನ್ನು ಭಾಷಣ ಮಾಡದೆ ಹಿಂದಿನ ಸೀಟಿನಿಂದಲೇ ತಿಳಿಸುತ್ತದೆ. ಕೆಲಸ ಕಡಿಮೆಯಾಯಿತು, ಬರವಣಿಗೆ ಹೆಚ್ಚಾಯಿತು. ರೀಮೇಕಿನ ಉದ್ದಕ್ಕೂ ನಡೆದಿರುವ ವ್ಯಾಪಾರ ಇದೇ.

‘ದ ಸೇಂಟ್ ಅಂಡ್ ದ ಸಿನ್ನರ್’ ಅಧ್ಯಾಯದಲ್ಲಿ ಈ ವ್ಯಾಪಾರ ಲಾಭಕ್ಕೆ ಬಿದ್ದಿದೆ. ಹಳೆಯ ಗೇಮಿನಲ್ಲಿ ಹೋಟೆಲಿನ ಕೊಲೆ, ಅಲ್ಲಿಂದ ಛಾವಣಿಗಳ ಮೇಲೆ ಓಟ, ಕೆಳಗೆ ಚರ್ಚಿನಲ್ಲಿ ಕಾಳಗ, ಇವು ಎರಡು ಮಿಷನ್‌ಗಳಾಗಿ ತುಂಡಾಗಿದ್ದವು. ರೀಮೇಕ್ ಅವನ್ನು ಒಂದೇ ಉಸಿರಿನಲ್ಲಿ ಹೊಲಿದಿದೆ. ಹೋಟೆಲಿನ ಒಳಗೆ ಹೋಗುವಾಗ ಟಾಮಿಯ ಮುಖ, ಮಿಶೆಲ್ ಎಂಬ ಹುಡುಗಿಯನ್ನು ಕೊಲ್ಲಬೇಕಾಗಿ ಬಂದಾಗ ಅವನ ಮುಖ, ಇವೆರಡನ್ನು ನೋಡಿ. 2002ರ ಗೊಂಬೆ ಮುಖಗಳು ಹೇಳಲಾಗದ್ದನ್ನು ಆಂಡ್ರ್ಯೂ ಬೊಂಜೋರ್ನೊ ಅವರ ಅಭಿನಯ ಹೇಳುತ್ತದೆ. ಹಾಗೆಯೇ ಸಾರಾ. ಹಳೆಯದರಲ್ಲಿ ಅವಳು ಒಂದು ಅಧ್ಯಾಯಕ್ಕೆ ಬಂದು ಹೋಗುವ ಹೆಂಡತಿ. ಇಲ್ಲಿ ಅವಳಿಗೆ ತನ್ನದೇ ಮಾತು, ತನ್ನದೇ ಅಂಜಿಕೆ ಇದೆ. ಟಾಮಿ ಕೊನೆಗೆ ಪತ್ತೇದಾರನ ಬಳಿ ಏಕೆ ಹೋದ ಎಂಬುದಕ್ಕೆ ಹಳೆಯ ಗೇಮಿಗಿಂತ ಗಟ್ಟಿ ಕಾರಣ ಇದರಿಂದ ಸಿಕ್ಕಿದೆ.

‘ಎ ಟ್ರಿಪ್ ಟು ದ ಕಂಟ್ರಿ’ ಮಳೆಯ ರಾತ್ರಿಯ ತೋಟದ ಮನೆಯ ಅಧ್ಯಾಯ. ಯಂತ್ರದ ತಾಕತ್ತು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿ ಫ್ರೇಮ್ ಬೀಳದಿದ್ದರೆ ಮುಂದೆಲ್ಲೂ ದೊಡ್ಡ ತೊಂದರೆ ಆಗದು. ಬಿದ್ದರೆ ವಾಲ್ಯೂಮೆಟ್ರಿಕ್ ಎಫೆಕ್ಟ್ ಒಂದು ಹಂತ ಇಳಿಸಿ ಚೆಕ್‌ಪಾಯಿಂಟ್‌ನಿಂದ, ಅಂದರೆ ಗೇಮ್ ಕೊನೆಗೆ ತಾನೇ ಉಳಿಸಿಕೊಂಡ ಜಾಗದಿಂದ, ಮತ್ತೆ ಆಡಿ.

ರೇಸ್

‘ಫೇರ್ ಪ್ಲೇ’ ಹೆಸರು ಕೇಳಿದರೆ ಹಳಬರಿಗೆ ಇಂದಿಗೂ ಹಲ್ಲು ಜುಮ್ಮೆನ್ನುತ್ತದೆ. ಹಿಂದಿನ ರಾತ್ರಿ ಎದುರಾಳಿಯ ರೇಸ್ ಕಾರನ್ನು ಹೊರತಂದು, ಮೆಕ್ಯಾನಿಕ್‌ನಿಂದ ಕೆಡಿಸಿ, ತಿರುಗಿ ಇಟ್ಟು ಬರಬೇಕು. ಮರುದಿನ ಟಾಮಿಯೇ ಓಡಿಸಿ ಮೊದಲನೆಯವನಾಗಬೇಕು. ಎರಡನೆಯ ಸ್ಥಾನಕ್ಕೆ ಬೆಲೆಯಿಲ್ಲ. 2002ರಲ್ಲಿ ಅಲ್ಲೇ ಗೇಮ್ ಬಿಟ್ಟವರಿದ್ದರು. ಆಮೇಲಿನ ಪ್ಯಾಚ್ ಒಂದರಲ್ಲಿ ರೇಸಿನ ಕಠಿಣತೆ ತಗ್ಗಿಸುವ ಆಯ್ಕೆ ಕೊಡಬೇಕಾಯಿತು.

ರೀಮೇಕಿನಲ್ಲಿ ಮೀಡಿಯಂ-ರೆಗ್ಯುಲರ್ ಸೆಟ್ಟಿಂಗ್ಸ್‌ನಲ್ಲಿ ಇದು ಮಾಮೂಲಿ ರೇಸ್. ಕ್ಲಾಸಿಕ್-ಸಿಮ್ಯುಲೇಷನ್‌ನಲ್ಲಿ ಹಳೆಯ ಹಲ್ಲು ಮತ್ತೆ ಮೊಳೆಯುತ್ತದೆ. ಸೋಲುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ತಿರುವಿನೊಳಗೆ ಬ್ರೇಕ್ ಒತ್ತುವುದು. 1930ರ ದಶಕದ ಈ ಕಾರುಗಳ ಟೈರು ಕಿರಿದು, ಬ್ರೇಕು ಮೆದು, ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಕ್ಕೆ. ಸ್ಟೀರಿಂಗ್ ತಿರುಗಿರುವಾಗ ಬ್ರೇಕ್ ಒತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂಬದಿ ಹಗುರಾಗುತ್ತದೆ, ಹಗುರಾದದ್ದು ಹೊರಕ್ಕೆ ಜಾರುತ್ತದೆ, ಕಾರು ತನ್ನನ್ನೇ ಸುತ್ತಿಕೊಂಡು ಹುಲ್ಲಿಗೆ ಬೀಳುತ್ತದೆ. ಕಾರು ಇನ್ನೂ ನೇರವಾಗಿರುವಾಗಲೇ ಗಟ್ಟಿಯಾಗಿ ಬ್ರೇಕ್ ಒತ್ತಿ ಬಿಟ್ಟುಬಿಡಿ. ಬಿಟ್ಟ ಮೇಲೆ ಸ್ಟೀರಿಂಗ್ ತಿರುಗಿಸಿ. ತಿರುವಿನ ಒಳಅಂಚು ದಾಟುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ, ಅಥವಾ ಮುಟ್ಟಿಯೂ ಮುಟ್ಟದಂತಿರಿ. ಸ್ಟೀರಿಂಗ್ ನೇರಕ್ಕೆ ಬರುತ್ತಿದ್ದಂತೆ ಪೂರ್ತಿ ಒತ್ತಿ. ಹ್ಯಾಂಡ್‌ಬ್ರೇಕ್ ಎಂಬುದು ಈ ಮಿಷನ್‌ನಲ್ಲಿ ಇಲ್ಲವೇ ಇಲ್ಲ ಎಂದುಕೊಳ್ಳಿ.

ಕೀಬೋರ್ಡ್‌ನಲ್ಲಿ ಸ್ಟೀರಿಂಗ್ ಪೂರ್ತಿ ಅಥವಾ ಶೂನ್ಯ, ನಡುವೆ ಏನೂ ಇಲ್ಲ. ಹಾಗಾಗಿ ಕೀ ಒತ್ತಿ ಹಿಡಿಯದೆ, ಚಿಕ್ಕ ಚಿಕ್ಕದಾಗಿ ತಟ್ಟುತ್ತ ತಿರುಗಿಸಬೇಕು. ಇಡೀ ಗೇಮಿಗೆ ಕಂಟ್ರೋಲರ್ ಬೇಡವೆನ್ನುವವರು ಈ ಒಂದು ಅಧ್ಯಾಯಕ್ಕಾದರೂ ಸ್ನೇಹಿತರಿಂದ ತಂದುಕೊಳ್ಳುವುದು ಲೇಸು.

ಶುರುವಿನಲ್ಲಿ ಮುಂದೆ ನುಗ್ಗುವ ಆಸೆ ಬೇಡ. ಮೊದಲ ತಿರುವುಗಳಲ್ಲಿ ಎದುರಾಳಿಗಳು ಒಬ್ಬರಿಗೊಬ್ಬರು ತಾಗಿಕೊಂಡು ಜಾಗ ಕಳೆದುಕೊಳ್ಳುತ್ತಾರೆ. ನಡುವೆ ಸಿಕ್ಕಿಬಿದ್ದರೆ ನೀವೂ ಹೋದಿರಿ. ಒಂದು ಕಾರಿನಷ್ಟು ಹಿಂದೆ ಉಳಿದು, ದಾರಿ ತೆರೆದ ಮೇಲೆ ಹೋಗಿ. ನೇರ ರಸ್ತೆಯಲ್ಲಿ ದಾಟುವುದಕ್ಕಿಂತ ತಿರುವಿನಿಂದ ಹೊರಬರುವಾಗ ದಾಟುವುದು ಸುಲಭ, ಬೇಗ ಆಕ್ಸಿಲರೇಟರ್ ಒತ್ತಿದವನೇ ಮುಂದೆ. ಕೊನೆಯ ಸುತ್ತಿನಲ್ಲಿ ಮುಂದಿದ್ದರೆ ಇನ್ನಷ್ಟು ನಿಧಾನಿಸಿ. ಗೆದ್ದಾಗಿದೆ ಎಂದು ಭಾವಿಸಿದ ಮೇಲೆ ಹುಲ್ಲಿಗೆ ಬೀಳುವುದೇ ಹೆಚ್ಚು. ಎಷ್ಟು ಆಡಿದರೂ ಆಗದಿದ್ದರೆ ಕಠಿಣತೆ ಒಂದು ಹಂತ ಇಳಿಸಿ ಈ ಅಧ್ಯಾಯ ದಾಟಿ, ಆಮೇಲೆ ಮತ್ತೆ ಏರಿಸಿ. ಇದರಲ್ಲಿ ಮಾನ ಹೋಗುವುದೇನೂ ಇಲ್ಲ.

ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿದರೆ ರೀಮೇಕ್ ಹಳೆಯದಕ್ಕೆ ಪೂರ್ತಿ ಸರಿಸಾಟಿ ಆಗಿರುವ, ಕೆಲವು ಕಡೆ ಮೀರಿಸಿರುವ ಆಟದ ಭಾಗ ಇದೊಂದೇ. ಕೆಸರು ಹಾರುವುದು, ಚಾಲಕನ ತಲೆ ಗಾಳಿಗೆ ಹಿಂದಕ್ಕೆ ವಾಲುವುದು, ಎಂಜಿನ್ನಿನ ಒಡಕು ದನಿ ಎಲ್ಲ ಸೇರಿ ಕಾರು ಅಪಾಯದ ವಸ್ತು ಎಂಬುದನ್ನು ಮರೆಯಲು ಬಿಡುವುದಿಲ್ಲ.

ಗುಂಡು, ಗೋಡೆ, ಔಷಧದ ಪೆಟ್ಟಿಗೆ

ಇಲ್ಲಿ ರೀಮೇಕ್ ಸಪ್ಪೆ. ಗೋಡೆಗೆ ಅಂಟಿ ಕೂತು, ತಲೆ ಎತ್ತಿದವನಿಗೆ ಹೊಡೆಯುವ ಕವರ್ ಪದ್ಧತಿ ‘ಮಾಫಿಯಾ 3’ರ ಕಡೆಯಿಂದ ಬಂದದ್ದು. ಕೆಲಸ ಮಾಡುತ್ತದೆ, ನೆನಪಿನಲ್ಲಿ ನಿಲ್ಲುವುದಿಲ್ಲ. ಟಾಮಿ ಒಂದು ಮರೆಯಿಂದ ಇನ್ನೊಂದಕ್ಕೆ ಹೋಗುವಾಗ ಬಿಗಿಬಿಗಿಯಾಗಿ ನಡೆಯುತ್ತಾನೆ. ಕೈಯೇಟಿನ ಜಗಳವಂತೂ ಎರಡು ಗುಂಡಿಗಳ ಆಟ: ಹೊಡಿ, ತಪ್ಪಿಸಿಕೋ.

ಕ್ಲಾಸಿಕ್ ಇದನ್ನು ಒಂದೇ ಒಂದು ನಿಯಮದಿಂದ ಎತ್ತಿ ನಿಲ್ಲಿಸುತ್ತದೆ. ಮ್ಯಾಗಝೀನಿನಲ್ಲಿ ಗುಂಡು ಉಳಿದಿರುವಾಗಲೇ ರೀಲೋಡ್ ಮಾಡಿದರೆ ಉಳಿದವು ಹೋದ ಹಾಗೆ. ಏಳು ಗುಂಡಿನ ಪಿಸ್ತೂಲಿನಿಂದ ಮೂರು ಹಾರಿಸಿ, ಅಭ್ಯಾಸಬಲದಿಂದ ರೀಲೋಡ್ ಒತ್ತಿದರೆ ನಾಲ್ಕು ಗುಂಡು ನೆಲದ ಪಾಲು. ಹತ್ತು ಸಲ ಹಾಗೆ ಮಾಡಿದರೆ ನಲವತ್ತು. ಹಳೆಯ ಗೇಮಿನ ನಿಯಮವೂ ಇದೇ ಆಗಿತ್ತು. ಇಂದಿನ ಶೂಟಿಂಗ್ ಗೇಮುಗಳಲ್ಲಿ ಪಳಗಿದ ಬೆರಳು ಪ್ರತಿ ಹೊಡೆತದ ನಂತರ ರೀಲೋಡ್ ಒತ್ತುತ್ತದೆ, ಮೊದಲು ಅದನ್ನು ಮರೆಸಬೇಕು. ಖಾಲಿಯಾಗುವವರೆಗೆ ಹಾರಿಸಿ. ಎರಡು ಉಳಿದಿವೆ, ಎದುರಿಗೆ ಮೂವರಿದ್ದಾರೆ ಎಂದಾದರೆ ರೀಲೋಡ್ ಬದಲು ಇನ್ನೊಂದು ಬಂದೂಕಿಗೆ ಬದಲಿಸಿ. ಬಿದ್ದವನ ಬಂದೂಕು ಎತ್ತಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ. ಥಾಂಪ್ಸನ್ ಮಷಿನ್‌ಗನ್ ಸಿಕ್ಕಿದರೆ ದೂರಕ್ಕೆ ಸುರಿಸಬೇಡಿ, ಹತ್ತಿರದ ಕೋಣೆಗೆ ಉಳಿಸಿ. ಶಾಟ್‌ಗನ್ ಬಾಗಿಲಿನ ಮೂಲೆಗೆ, ರೈಫಲ್ ಅಂಗಳಕ್ಕೆ.

ಆರೋಗ್ಯ ತಾನಾಗಿ ತುಂಬಿ ಬರುವುದಿಲ್ಲ, ತೀರ ಕೆಳಕ್ಕೆ ಇಳಿದಾಗ ಜೀವ ಹಿಡಿಯುವಷ್ಟು ಮಾತ್ರ ಮರಳುತ್ತದೆ. ಉಳಿದದ್ದಕ್ಕೆ ಗೋಡೆಯ ಮೇಲಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳೇ ಗತಿ. ಕೋಣೆಯೊಳಗೆ ಕಾಲಿಟ್ಟ ತಕ್ಷಣ ಪೆಟ್ಟಿಗೆ ಎಲ್ಲಿದೆ ಎಂದು ಗುರುತಿಟ್ಟುಕೊಳ್ಳಿ, ಬಳಸುವುದನ್ನು ಕಾಳಗದ ಕೊನೆಗೆ ಇಡಿ. ಅರ್ಧ ತುಂಬಿರುವಾಗ ಬಳಸಿದರೆ ನಷ್ಟ ನಿಮ್ಮದೇ.

ಆಟವನ್ನು ಬೇಕಾದಲ್ಲಿ ಉಳಿಸಿಕೊಳ್ಳುವ (ಸೇವ್) ಸೌಲಭ್ಯ ನಿಮ್ಮ ಕೈಯಲ್ಲಿಲ್ಲ, ಚೆಕ್‌ಪಾಯಿಂಟ್ ಬಂದಾಗ ತಾನೇ ಉಳಿಯುತ್ತದೆ. ಮೂಲೆಯಲ್ಲಿ ಉಳಿದ ಕೊನೆಯವನನ್ನು ಹೊಡೆದ ಮರುಕ್ಷಣ ಗೇಮ್ ಮುಚ್ಚಬೇಡಿ, ಉಳಿಸುವ ಗುರುತು ಮೂಡಿ ಮರೆಯಾಗುವವರೆಗೆ ಕಾಯಿರಿ.

ಗುರಿಗೆ ನೆರವು ಕೊಡುವ ಆಯ್ಕೆಯನ್ನು ಕಂಟ್ರೋಲರಿನಲ್ಲಿ ಕಡಿಮೆ ಹಂತದಲ್ಲಿಡಿ. ಪೂರ್ತಿ ಇದ್ದರೆ ಗೇಮೇ ಗುಂಡು ಹೊಡೆಯುತ್ತದೆ, ಪೂರ್ತಿ ತೆಗೆದರೆ ಸ್ಟಿಕ್ಕಿನಲ್ಲಿ ದೂರದ ಗುರಿ ಕಷ್ಟ.

ಪೊಲೀಸರು

ಹಳೆಯ ಲಾಸ್ಟ್ ಹೆವನ್‌ನಲ್ಲಿ ಗಂಟೆಗೆ 40 ಮೈಲಿ, ಅಂದರೆ ಸುಮಾರು 64 ಕಿಲೋಮೀಟರ್ ದಾಟಿದರೆ, ಕೆಂಪು ದೀಪ ಹಾರಿದರೆ ದಂಡ. ಆ ಒಂದು ನಿಯಮ ಇಡೀ ಗೇಮಿನ ನಡಿಗೆಯನ್ನು ತಿದ್ದಿತ್ತು: ಕೊಲೆಗಾರ ಕೂಡ ಸಿಗ್ನಲ್‌ಗೆ ನಿಲ್ಲುತ್ತಿದ್ದ. ರೀಮೇಕಿನಲ್ಲಿ ಸುಲಭ ಹಂತಗಳ ಪೊಲೀಸರು ಹೆಚ್ಚುಕಡಿಮೆ ಕುರುಡರು. ಕ್ಲಾಸಿಕ್‌ನಲ್ಲಿ ಸಣ್ಣ ತಪ್ಪಿಗೂ ಸೀಟಿ ಊದುತ್ತಾರೆ. ವೇಗಮಿತಿ ಹಿಡಿದಿಡುವ ಲಿಮಿಟರ್ ಗುಂಡಿ ಯಾವುದೆಂದು ಕಂಟ್ರೋಲ್ಸ್ ಮೆನುವಿನಲ್ಲಿ ನೋಡಿಕೊಂಡು, ನಗರದೊಳಗೆ ಅದನ್ನು ಹಾಕಿಕೊಂಡೇ ಓಡಿಸಿ. ದಂಡದ ಹಂತದಲ್ಲಿ ಹಿಡಿದರೆ ನಿಲ್ಲಿಸಿ ಕಟ್ಟಿಬಿಡಿ. ಓಡಿದರೆ ಮುಂದಿನದು ಬಂಧನ, ಅದರ ಮುಂದಿನದು ಗುಂಡು.

ಅಟ್ಟಿಸಿಕೊಂಡು ಬಂದಾಗ ದೂರಕ್ಕಿಂತ ತಿರುವು ಮುಖ್ಯ. ದೊಡ್ಡ ರಸ್ತೆ ಬಿಟ್ಟು ಗಲ್ಲಿಗೆ ಇಳಿಯಿರಿ, ಎರಡು ತಿರುವು ತೆಗೆದುಕೊಂಡು ಅವರ ಕಣ್ಣಿನಿಂದ ಮರೆಯಾಗಿ. ಗುದ್ದಿದರೆ ಹಿಂದಿನವರ ಮೇಲೆ ಕುಸಿದು ಬೀಳುವ ಅಟ್ಟಣಿಗೆಗಳಂಥ ಕೆಲವು ಜಾಗಗಳನ್ನು ನಕ್ಷೆ ಗುರುತು ಮಾಡಿ ತೋರಿಸುತ್ತದೆ. ಇದು ಹಳೆಯದರಲ್ಲಿ ಇರಲಿಲ್ಲ, ಇಲ್ಲದಿದ್ದರೇ ಚೆನ್ನಾಗಿತ್ತು. ಇಡೀ ನಗರ ಅಷ್ಟು ಗಂಭೀರವಾಗಿ ಕಟ್ಟಿರುವಾಗ ಇದೊಂದು ಸರ್ಕಸ್.

ಮಳೆ ಬಂದಾಗ ಸಿಮ್ಯುಲೇಷನ್‌ನಲ್ಲಿ ಬ್ರೇಕ್ ದೂರ ಹೆಚ್ಚಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಬೈಕ್‌ಗಳು ರೀಮೇಕಿನಲ್ಲಿ ಹೊಸದಾಗಿ ಸೇರಿವೆ. ಗಲ್ಲಿಗಳಲ್ಲಿ ತಪ್ಪಿಸಿಕೊಳ್ಳಲು ಚೆನ್ನ, ಒಂದು ಗುದ್ದಿಗೆ ಟಾಮಿ ರಸ್ತೆಯಲ್ಲಿ.

ಫ್ರೀ ರೈಡ್ ಮತ್ತು ಸಂಗ್ರಹ

ಕಥೆಯ ಒತ್ತಡವಿಲ್ಲದೆ ನಗರ ಸುತ್ತಲು ಮುಖ್ಯ ಮೆನುವಿನಲ್ಲಿ ಫ್ರೀ ರೈಡ್ ಇದೆ. ಬಿಡುಗಡೆಯ ಹೊತ್ತಿಗೆ ಇದು ಬಡವಾಗಿತ್ತು. ಅಕ್ಟೋಬರ್ ಅಪ್‌ಡೇಟ್ ಟ್ಯಾಕ್ಸಿ ಕೆಲಸವನ್ನೂ ರೇಸುಗಳನ್ನೂ ಸೇರಿಸಿತು, ಕಪ್ಪುಬಿಳುಪಿನ ‘ನುವಾರ್’ ನೋಟವನ್ನೂ ಕೊಟ್ಟಿತು. ಆದರೂ ಹಳೆಯ ಗೇಮಿನ ‘ಫ್ರೀ ರೈಡ್ ಎಕ್ಸ್‌ಟ್ರೀಮ್’ನ ಹುಚ್ಚಾಟಕ್ಕೆ ಇದು ಸಮನಲ್ಲ.

ಇದನ್ನು ಬಳಸಬೇಕಾದ್ದು ಅಭ್ಯಾಸಕ್ಕೆ. ರೇಸಿನ ಅಧ್ಯಾಯಕ್ಕೆ ಮುನ್ನ ಸಿಮ್ಯುಲೇಷನ್‌ನಲ್ಲಿ ಒಂದು ಗಂಟೆ ಇಲ್ಲಿ ಓಡಿಸಿ. ಬೀಚ್ ಹಿಲ್ ಕಡೆಯ ಏರುತಿರುವುಗಳು ಬ್ರೇಕ್ ಪಾಠಕ್ಕೆ ಸರಿ. ಕಾರುಗಳನ್ನು ಒಂದೊಂದಾಗಿ ಹತ್ತಿ ನೋಡಿ: ಬೋಲ್ಟ್‌ನಂಥ ಅಗ್ಗದ ಕಾರಿಗೂ 1930ರ ದಶಕದ ಕೊನೆಯ ಉದ್ದ ಮೂತಿಯ ಕಾರುಗಳಿಗೂ ಏರಿನಲ್ಲಿ ಎಷ್ಟು ಅಂತರ ಎಂಬುದು ಕಾಲಿಗೇ ತಿಳಿಯುತ್ತದೆ. ಓಡಿಸಿದ ಕಾರುಗಳ ವಿವರ ‘ಕಾರ್‌ಸೈಕ್ಲೋಪೀಡಿಯಾ’ದಲ್ಲಿ ಕೂತಿರುತ್ತದೆ.

ಪತ್ತೇದಾರಿ ಪತ್ರಿಕೆಗಳು, ಕಾಮಿಕ್ಸ್‌ಗಳು ಹಲವು ನಗರದ ಬೀದಿಗಳಲ್ಲಿವೆ, ಫ್ರೀ ರೈಡ್‌ನಲ್ಲೂ ಹುಡುಕಬಹುದು. ಸಿಗರೇಟ್ ಕಾರ್ಡುಗಳು ಅಧ್ಯಾಯಗಳ ಒಳಗಿನ ಕೋಣೆಗಳಲ್ಲಿ ಇರುತ್ತವೆ. ಕಾಳಗ ಮುಗಿದ ಮೇಲೆ ಬಾಗಿಲು ದಾಟುವ ಮುನ್ನ ಮೇಜು, ಕಪಾಟು ಕಣ್ಣಾಡಿಸಿ. ಬಾಗಿಲು ದಾಟಿದರೆ ಹಿಂದಿರುಗಲು ಬಿಡದ ಜಾಗಗಳಿವೆ. ತಪ್ಪಿಹೋದದ್ದಕ್ಕೆ ಅಧ್ಯಾಯವನ್ನು ಮೆನುವಿನಿಂದ ಮತ್ತೆ ಆಡಬಹುದು.

ಆಡುವ ಕ್ರಮ

ರೀಮೇಕ್ ಮುಗಿಯುವವರೆಗೆ ‘ಮಾಫಿಯಾ 2’ ತೆರೆಯಬೇಡಿ. 2010ರ ಆ ಗೇಮಿನ ಕಥೆ ಬೇರೆಯವರದಾದರೂ ಅದರ ಒಂದು ದೃಶ್ಯ ಟಾಮಿಯ ಕಥೆಯ ಕೊನೆಯನ್ನು ಬಯಲು ಮಾಡಿಬಿಡುತ್ತದೆ. ಟ್ರೈಲಜಿ ಪ್ಯಾಕ್ ಕೊಂಡವರು ಮೂರನ್ನೂ ಒಟ್ಟಿಗೆ ಡೌನ್‌ಲೋಡ್‌ಗೆ ಹಾಕಿ, ಯಾವುದು ಮೊದಲು ಇಳಿಯುತ್ತದೋ ಅದನ್ನು ಆಡಲು ಕೂರುವುದುಂಟು. ಎರಡನೆಯದೇ ಮೊದಲು ಇಳಿದರೆ, ಉಳಿದದ್ದು ಇಳಿಯುವವರೆಗೆ ಹಳೆಯ ಗೇಮಿನ ಟ್ಯಾಕ್ಸಿ ಅಧ್ಯಾಯ ಆಡುತ್ತಿರಿ, ಅದಕ್ಕೆ ಡಿಸ್ಕಿನಲ್ಲಿ ಬೇಕಾಗುವ ಜಾಗ ಬಲು ಕಡಿಮೆ.